ಪ್ಯಾಡ್ ಬದಲಿಸಿದ ಮೇಲೆ ಎದುರಿನ ಡಿಸ್ಕ್ ಬ್ರೇಕ್ ಕಿರುಚುತ್ತದೆ, ಎಲ್ಲಿಂದ ಹುಡುಕಬೇಕು?

ಬದಿಯಡ್ಕದವ:
ಗಾಡಿ 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎದುರು ಡಿಸ್ಕ್, ಹಿಂದೆ ಡ್ರಮ್. ಎದುರಿನ ಎರಡೂ ಬದಿಯ ಪ್ಯಾಡ್ ಹೊಸತು ಹಾಕಿಸಿ 500 ಕಿ.ಮೀ. ದಾಟಿತು. ಡಿಸ್ಕ್ ಹಳೆಯದೇ. ಈಗ ಎರಡು ಥರದ ಶಬ್ದ ಉಂಟು. 20–30ರ ವೇಗದಲ್ಲಿ ಮೆಲ್ಲ ಬ್ರೇಕ್ ಒತ್ತಿದರೆ ಕೀಂ ಎಂದು ಕಿರುಚುತ್ತದೆ, ಜೋರಾಗಿ ಒತ್ತಿದರೆ ನಿಲ್ಲುತ್ತದೆ. ಇನ್ನೊಂದು ಎಡಬದಿಯಲ್ಲಿ: ಬ್ರೇಕ್ ಒತ್ತದಿದ್ದರೂ ಚಕ್ರ ತಿರುಗಿದ ಹಾಗೆ ಸರ್ ಸರ್ ಎಂದು ಉಜ್ಜುವ ಸದ್ದು. ಗ್ಯಾರೇಜಿನಲ್ಲಿ ಕೇಳಿದರೆ ಓಡಿ ಓಡಿ ಸರಿಯಾಗುತ್ತದೆ ಅನ್ನುತ್ತಾರೆ. ಡಿಸ್ಕಿಗೆ ಸ್ವಲ್ಪ ಎಣ್ಣೆ ಸ್ಪ್ರೇ ಹೊಡೆಯಿರಿ ಅಂತಲೂ ಒಬ್ಬರು ಹೇಳಿದರು. ಜಾಕ್, ಸ್ಟ್ಯಾಂಡ್, ಸ್ಪ್ಯಾನರ್ ಸೆಟ್ ಮನೆಯಲ್ಲಿ ಉಂಟು. ನಾನೇ ಬಿಚ್ಚಿ ನೋಡಬಹುದಾ? ಎಂತ ನೋಡಬೇಕು?

ಪೆರ್ಲ ಗ್ಯಾರೇಜ್:
ಮೊದಲು ಒಂದು ಮಾತು, ಆ ಎಣ್ಣೆ ಖಂಡಿತ ಹೊಡೆಯಬೇಡಿ. ಪ್ಯಾಡ್ ಎಣ್ಣೆ ಹೀರಿದರೆ ಬ್ರೇಕ್ ಹಿಡಿಯುವುದಿಲ್ಲ, ಗಾಡಿ ಒಂದು ಬದಿಗೆ ಎಳೆಯುತ್ತದೆ. ಹೀರಿದ ಪ್ಯಾಡನ್ನು ಪೆಟ್ರೋಲಿನಲ್ಲಿ ತೊಳೆದರೂ ಬೆಂಕಿಗೆ ಹಿಡಿದರೂ ಸರಿಯಾಗುವುದಿಲ್ಲ. ಎರಡೂ ಬದಿಯ ಸೆಟ್ಟನ್ನು ಎಸೆಯಬೇಕಾಗುತ್ತದೆ.

ನಿಮ್ಮ ಎರಡು ಶಬ್ದಕ್ಕೆ ಎರಡು ಬೇರೆ ಕಾರಣ. ಮೆಲ್ಲ ಒತ್ತಿದಾಗಿನ ಕಿರುಚಾಟ ಎಂದರೆ ಪ್ಯಾಡ್ ಡಿಸ್ಕಿಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುವುದು. ಜೋರಾಗಿ ಒತ್ತಿದರೆ ಆ ನಡುಕಕ್ಕೆ ಜಾಗವಿಲ್ಲ, ಹಾಗಾಗಿ ನಿಲ್ಲುತ್ತದೆ. ಪ್ಯಾಡಿನ ಬೆನ್ನಿಗೆ ಶಿಮ್ (ನಡುಕ ತಡೆಯುವ ತೆಳು ತಗಡು) ಇಲ್ಲದಿದ್ದರೆ, ಗ್ರೀಸ್ ಒಣಗಿದ್ದರೆ, ಪ್ಯಾಡ್ ಕೂರುವ ಜಾಗದ ಹಳೆ ಕ್ಲಿಪ್ಪನ್ನೇ ಹಾಕಿದ್ದರೆ, ಪ್ಯಾಡಿನ ಮೈ ಗಾಜಿನ ಹಾಗೆ ಹೊಳಪು ಕಟ್ಟಿದ್ದರೆ ಹೀಗಾಗುತ್ತದೆ. ಒತ್ತದೆಯೂ ಬರುವ ಎಡಬದಿಯ ಸದ್ದು ಹಾಗಲ್ಲ. ಅಲ್ಲಿ ಪ್ಯಾಡ್ ಹಿಂದೆ ಸರಿಯುತ್ತಿಲ್ಲ, ಅಥವಾ ಡಿಸ್ಕಿಗೆ ಬೇರೆಂತದೋ ತಾಗುತ್ತಿದೆ. ಇದನ್ನು ಓಡಿಸಿ ಓಡಿಸಿ ಸರಿ ಮಾಡಲಿಕ್ಕೆ ಆಗುವುದಿಲ್ಲ, ಪ್ಯಾಡ್ ಬೇಗ ಸವೆಯುತ್ತದೆ ಅಷ್ಟೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ. ಬ್ರೇಕ್ ಹೆಚ್ಚು ಹಾಕದೆ ನಾಲ್ಕೈದು ಕಿ.ಮೀ. ಓಡಿಸಿ ನಿಲ್ಲಿಸಿ, ಎರಡೂ ಎದುರು ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಎಡದ್ದು ಬಲದ್ದಕ್ಕಿಂತ ಸ್ಪಷ್ಟವಾಗಿ ಬಿಸಿ ಇದ್ದರೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಬಿಡುತ್ತಿಲ್ಲ. ಬಿಸಿ ಇಲ್ಲದೆ ಸದ್ದು ಮಾತ್ರವಾದರೆ ಡಿಸ್ಕಿನ ಹಿಂದಿನ ತಗಡಿನ ಕವರ್ ಬಗ್ಗಿದೆಯೋ, ಪ್ಯಾಡಿನ ಸವೆತ ತಿಳಿಸುವ ತಗಡಿನ ನಾಲಿಗೆ ಡಿಸ್ಕಿಗೆ ತಾಗಿದೆಯೋ ನೋಡಿ. ಕವರನ್ನು ಕೈಯಲ್ಲೇ ಹಿಂದಕ್ಕೆ ಬಗ್ಗಿಸಬಹುದು. ಮುರಕಲ್ಲಿನ ರಸ್ತೆಯಲ್ಲಿ ಓಡುವ ಗಾಡಿಯಲ್ಲಿ ಆ ಕವರಿನ ಸಂದಿಗೆ ಸಣ್ಣ ಕಲ್ಲು ಸಿಕ್ಕಿ ಉಜ್ಜುವುದೂ ಉಂಟು.

ಮುಳ್ಳೇರಿಯ:
ಬಿಚ್ಚುವ ಕ್ರಮ ನಾನು ಹೇಳುತ್ತೇನೆ. ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಚಕ್ರದ ನಟ್ಟನ್ನು ಗಾಡಿ ನೆಲದಲ್ಲಿದ್ದಾಗಲೇ ಸಡಿಲಿಸಿ. ಬರೀ ಜಾಕಿನ ಮೇಲೆ ಬಿಟ್ಟು ಕೈ ಹಾಕಬೇಡಿ, ಸ್ಟ್ಯಾಂಡ್ ಇಡಿ. ಒಂದು ಬದಿ ಮುಗಿಸಿ ಇನ್ನೊಂದು ಬದಿ ಬಿಚ್ಚಿ. ಯಾವುದು ಎಲ್ಲಿತ್ತು ಎಂಬ ಸಂಶಯ ಬಂದರೆ ನೋಡಲಿಕ್ಕೆ ಇನ್ನೊಂದು ಬದಿ ಜೋಡಿಸಿಯೇ ಇರುತ್ತದೆ.

ಕ್ಯಾಲಿಪರಿನ ಕೆಳಗಿನ ಪಿನ್ ಬೋಲ್ಟ್ ತೆಗೆದರೆ ಹೆಚ್ಚಿನ ಗಾಡಿಗಳಲ್ಲಿ ಅದು ಮೇಲಿನ ಪಿನ್ನಿನಲ್ಲಿ ತಿರುಗಿ ಮೇಲೇಳುತ್ತದೆ. ಪೂರ್ತಿ ತೆಗೆಯುವುದಾದರೆ ತಂತಿಯಲ್ಲಿ ಚಕ್ರದ ಮೇಲಿನ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಿ, ಬ್ರೇಕ್ ಹೋಸಿನಲ್ಲಿ ನೇತಾಡಿಸಬಾರದು. ಪ್ಯಾಡ್ ತೆಗೆದು ಒಳಗಿನದ್ದು, ಹೊರಗಿನದ್ದು ಗುರುತು ಮಾಡಿ. ಎರಡರ ಸವೆತ ಹೋಲಿಸಿ. ಒಂದು ಹೆಚ್ಚು ಸವೆದಿದ್ದರೆ ಅಥವಾ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಪಿನ್ ಹಿಡಿದಿರುವ ಸಾಧ್ಯತೆ ಹೆಚ್ಚು.

ಮುಖ್ಯ ಕೆಲಸ ಈಗ. ಎರಡೂ ಸ್ಲೈಡ್ ಪಿನ್ (ಕ್ಯಾಲಿಪರ್ ಜಾರುವ ಕಡ್ಡಿ) ಬೆರಳಲ್ಲಿ ತಳ್ಳಿದರೆ ಸರಾಗವಾಗಿ ಒಳಗೆ ಹೊರಗೆ ಹೋಗಬೇಕು. ಹೋಗದಿದ್ದರೆ ಎಳೆದು ತೆಗೆದು ಹಳೆ ಗ್ರೀಸು, ತುಕ್ಕು ಒರೆಸಿ, ತೂತಿನ ಒಳಗೆ ಸಣ್ಣ ಬ್ರಷ್ ಹಾಕಿ ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿ. ಕೆಲವು ಗಾಡಿಯಲ್ಲಿ ಒಂದು ಪಿನ್ನಿನ ತುದಿಗೆ ರಬ್ಬರ್ ಬುಷ್ ಇರುತ್ತದೆ, ಮೇಲಿನದ್ದು ಕೆಳಗೆ ಬದಲಾಗಬಾರದು. ಗ್ರೀಸು ಸಿಲಿಕೋನಿನದ್ದೇ ಬೇಕು. ಬೇರಿಂಗಿಗೆ ಹಾಕುವ ಸಾದಾ ಗ್ರೀಸು ಹಾಕಿದರೆ ಪಿನ್ನಿನ ಮುಸುಕಾದ ರಬ್ಬರ್ ಬೂಟು ಉಬ್ಬಿ ಪಿನ್ನನ್ನು ಇನ್ನೂ ಬಿಗಿ ಹಿಡಿಯುತ್ತದೆ. ಪಿನ್ನಿನ ಸುತ್ತ ತೆಳ್ಳಗೆ ಸವರಿದರೆ ಸಾಕು. ತೂತು ತುಂಬಿಸಿದರೆ ಗಾಳಿ ಸಿಕ್ಕಿ ಪಿನ್ ವಾಪಸು ಬರುತ್ತದೆ. ಪಿನ್ ಕೂರಿಸಿದ ಮೇಲೆ ಬೂಟಿನ ಅಂಚು ಒಮ್ಮೆ ಎತ್ತಿ ಗಾಳಿ ಬಿಡಿ.

ಆಮೇಲೆ ಪ್ಯಾಡಿನ ಕಿವಿ, ಅಂದರೆ ಎರಡು ತುದಿಯ ಚಾಚು, ಕೂರುವ ಜಾಗ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಸ್ಟೀಲ್ ಕ್ಲಿಪ್ ತೆಗೆದು ನೋಡಿ, ಅದರಡಿಯಲ್ಲಿ ಬ್ರಾಕೆಟ್ಟಿಗೆ (ಪ್ಯಾಡ್ ಹಿಡಿಯುವ ಚೌಕಟ್ಟಿಗೆ) ತುಕ್ಕು ಕಟ್ಟಿ ಕ್ಲಿಪ್ಪನ್ನು ಮೇಲೆತ್ತಿರುತ್ತದೆ. ಆಗ ಜಾಗ ಕಿರಿದಾಗಿ ಹೊಸ ಪ್ಯಾಡನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕಾಗುತ್ತದೆ. ಬಡಿದು ಕೂರಿಸಿದ ಪ್ಯಾಡ್ ತಾನಾಗಿ ಹಿಂದೆ ಸರಿಯುವುದಿಲ್ಲ. ವಯರ್ ಬ್ರಷ್‌ನಲ್ಲಿ ತುಕ್ಕು ಪೂರ್ತಿ ತೆಗೆಯಿರಿ, ಲೋಹ ಅರೆಯಬೇಡಿ. ಹೊಸ ಕ್ಲಿಪ್ ಹಾಕಿ. ಪ್ಯಾಡ್ ಕೈಯಲ್ಲೇ ಜಾರಬೇಕು, ಆದರೆ ಗಡಗಡ ಅಲ್ಲಾಡಬಾರದು. ಕಿವಿಗೆ ಪೈಂಟು ದಪ್ಪ ಇದ್ದರೆ ಅರದಲ್ಲಿ ಪೈಂಟು ಮಾತ್ರ ತೆಗೆಯಿರಿ.

ಪ್ಯಾಡಿನ ಬೆನ್ನಿನಲ್ಲಿ ಪಿಸ್ಟನ್ (ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವ ಉರುಳೆ) ತಾಗುವ ಕಡೆ, ಕ್ಯಾಲಿಪರಿನ ಬೆರಳಿನಂಥ ಚಾಚು ತಾಗುವ ಕಡೆ ಮತ್ತು ಕಿವಿಗೆ ಬ್ರೇಕಿನ ಸೆರಾಮಿಕ್ ಗ್ರೀಸು ತೆಳ್ಳಗೆ. ಪ್ಯಾಡಿನ ಮೈಗೆ, ಡಿಸ್ಕಿಗೆ ಒಂದು ಬೊಟ್ಟೂ ತಾಗಬಾರದು.

ಬದಿಯಡ್ಕದವ:
ಬಿಚ್ಚಿದೆ. ಎಡಬದಿಯ ಕೆಳಗಿನ ಪಿನ್ ಕೈಯಲ್ಲಿ ಅಲ್ಲಾಡುವುದೇ ಇಲ್ಲ. ಕ್ಲಿಪ್ ಹಳೆಯದು, ಅಡಿಯಲ್ಲಿ ತುಕ್ಕು. ಶಿಮ್ ಎರಡೂ ಬದಿಯಲ್ಲಿ ಇಲ್ಲ. ಡಿಸ್ಕಿನ ಹೊರ ಅಂಚಿನಲ್ಲಿ ಏಣು ಎದ್ದಿದೆ. ಪ್ಯಾಡಿನ ಮೈ ಹೊಳೆಯುತ್ತದೆ. ಡಿಸ್ಕ್ ಬದಲಿಸಬೇಕಾ?

ಪೆರ್ಲ ಗ್ಯಾರೇಜ್:
ಕಾರಣ ಸಿಕ್ಕಿತು. ಪಿನ್ನಿಗೆ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಉಜ್ಜಿ ಹಾಕಬೇಡಿ, ಪಿನ್ ಮತ್ತು ಬೂಟಿನ ಕಿಟ್ ಹೊಸತು ತನ್ನಿ. ಹಳೆ ಪ್ಯಾಡಿನ ಶಿಮ್ ಅದೇ ಆಕಾರದ್ದಾಗಿ ಬಗ್ಗದೆ ಇದ್ದರೆ ಹಾಕಬಹುದು.

ಡಿಸ್ಕಿನ ನಿರ್ಧಾರ ದಪ್ಪ ನೋಡಿ ಮಾಡಬೇಕು. ಕನಿಷ್ಠ ದಪ್ಪ ಎಷ್ಟೆಂದು ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. ಮೈಕ್ರೋಮೀಟರಿನಲ್ಲಿ ಪ್ಯಾಡ್ ಓಡುವ ಪಟ್ಟಿಯಲ್ಲಿ ಅಳೆಯಿರಿ. ವರ್ನಿಯರ್ ಆ ಏಣಿಗೆ ತಾಗಿ ಹೆಚ್ಚು ತೋರಿಸುತ್ತದೆ. ಕನಿಷ್ಠಕ್ಕಿಂತ ಕಡಿಮೆ ಇದ್ದರೆ, ಬಿರುಕು ಇದ್ದರೆ ಎರಡೂ ಬದಿ ಹೊಸತು. ದಪ್ಪ ಸಾಕಷ್ಟು ಇದ್ದರೆ ಏಣನ್ನು ಲೇತಿನಲ್ಲಿ ತೆಗೆಸಬಹುದು, ತೆಗೆದ ಮೇಲೂ ಕನಿಷ್ಠಕ್ಕಿಂತ ಹೆಚ್ಚು ಉಳಿಯಬೇಕು. ಹೊಸ ಪ್ಯಾಡಿನ ಅಂಚು ಈ ಏಣಿಗೆ ತಾಗಿಯೂ ಉಜ್ಜುವ ಸದ್ದು ಬರುತ್ತದೆ. ಡಿಸ್ಕ್ ತೆಗೆದಾಗ ಡಿಸ್ಕ್ ಕೂರುವ ಹಬ್‌ನ ಮೈಯ ತುಕ್ಕನ್ನೂ ಉಜ್ಜಿ. ಅಲ್ಲಿ ಒಂದು ಪದರ ಉಳಿದರೂ ಡಿಸ್ಕ್ ಓಲಾಡುತ್ತದೆ, ಪೆಡಲ್ ಕಾಲಿಗೆ ನಡುಗುತ್ತದೆ.

ಹೊಳಪು ಕಟ್ಟಿದ ಪ್ಯಾಡನ್ನು ಎಸೆಯಬೇಕಿಲ್ಲ. 80 ಅಥವಾ 120 ನಂಬರಿನ ಎಮರಿ ಪೇಪರನ್ನು ಸಪಾಟು ಕಲ್ಲಿನ ಮೇಲೆ ಇಟ್ಟು ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಡಿಸ್ಕಿನ ಎರಡೂ ಮೈಗೆ 120ರದ್ದನ್ನು ವೃತ್ತವೃತ್ತವಾಗಿ ಉಜ್ಜಿ ಬ್ರೇಕ್ ಕ್ಲೀನರಿನಲ್ಲಿ ಒರೆಸಿ. ಮಾಸ್ಕ್ ಹಾಕಿ. ಪುಡಿಯನ್ನು ಗಾಳಿ ಊದಿ ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಪಿಸ್ಟನ್ ಒಳಗೆ ತಳ್ಳುವಾಗ ಸಿ-ಕ್ಲಾಂಪಿನಲ್ಲಿ ನಿಧಾನ. ಬ್ರೇಕ್ ಆಯಿಲ್ ಡಬ್ಬಿ ತುಂಬಿ ಚೆಲ್ಲಬಹುದು, ಸಿರಿಂಜಿನಲ್ಲಿ ಸ್ವಲ್ಪ ತೆಗೆದಿಡಿ. ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಪೈಂಟು ಏಳುತ್ತದೆ. ಪಿಸ್ಟನ್ನಿನ ಧೂಳು ಬೂಟು ಹರಿದಿದೆಯೋ ನೋಡಿ. ಪಿಸ್ಟನ್ ಬಿಗಿಯಾಗಿದ್ದರೆ ಬ್ಲೀಡರ್ (ಕ್ಯಾಲಿಪರಿನ ಗಾಳಿ ತೆಗೆಯುವ ತಿರುಪು) ಸಡಿಲಿಸಿ ತಳ್ಳಿ ನೋಡಿ. ಆಗ ಸಲೀಸಾಗಿ ಹೋದರೆ ತೊಂದರೆ ಕ್ಯಾಲಿಪರಿನದ್ದಲ್ಲ. ಹೆಚ್ಚಾಗಿ ಹಳೆಯ ಹೋಸ್ ಒಳಗೆ ಉಬ್ಬಿ ಆಯಿಲನ್ನು ವಾಪಸು ಬಿಡುತ್ತಿಲ್ಲ ಎಂದು ಅರ್ಥ. ಬ್ಲೀಡರ್ ತೆರೆದರೆ ಗಾಳಿ ತೆಗೆಯುವ ಕೆಲಸ ತಪ್ಪುವುದಿಲ್ಲ.

ಬೋಲ್ಟು ಬಿಗಿಸುವ ಅಳತೆ ನಿಮ್ಮ ಗಾಡಿಯ ಪುಸ್ತಕದ್ದೇ ನೋಡಿ. ಸಣ್ಣ ಕಾರುಗಳಲ್ಲಿ ಪಿನ್ ಬೋಲ್ಟು ಹೆಚ್ಚಾಗಿ 25–35 ನ್ಯೂಟನ್ ಮೀಟರ್ ಆಸುಪಾಸು, ಚಕ್ರದ ನಟ್ಟಿನಷ್ಟು ಬಿಗಿಸಿದರೆ ಹಲ್ಲು ಹೋಗುತ್ತದೆ. ಎಲ್ಲ ಜೋಡಿಸಿದ ಮೇಲೆ ಗಾಡಿ ಅಲುಗಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಇದನ್ನು ಮರೆತರೆ ಮೊದಲ ಬ್ರೇಕ್ ಸಿಗುವುದೇ ಇಲ್ಲ.

ಮುಳ್ಳೇರಿಯ:
ಪ್ಯಾಡನ್ನು ಡಿಸ್ಕಿಗೆ ಪಳಗಿಸುವುದು ಬಾಕಿ ಉಂಟು. ಬೆಳಿಗ್ಗೆ ಬೇಗ, ಖಾಲಿ ನೇರ ರಸ್ತೆ. 60ರಿಂದ 15–20ರ ತನಕ ಹದವಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಅರ್ಧ ನಿಮಿಷ ಬ್ರೇಕ್ ಇಲ್ಲದೆ ಓಡಿಸಿ ಮತ್ತೆ ಅದೇ. ಎಂಟು ಹತ್ತು ಸಲ ಆದ ಮೇಲೆ ಐದಾರು ಕಿ.ಮೀ. ಬ್ರೇಕ್ ಮುಟ್ಟದಷ್ಟು ನಿಧಾನ ಓಡಿಸಿ ತಣಿಸಿ. ಕಾದ ಡಿಸ್ಕಿನ ಮೇಲೆ ಕಾಲು ಒತ್ತಿ ನಿಂತರೆ ಪ್ಯಾಡಿನ ಅಚ್ಚು ಬೀಳುತ್ತದೆ. ಚೆರ್ಕಳ–ಜಾಲ್ಸೂರು ರಸ್ತೆ ಇದಕ್ಕೆ ಆಗದು, ತಿರುವು ಜಾಸ್ತಿ. ಹೊಸ ಪ್ಯಾಡ್ ಹಾಕಿದ ವಾರವೇ ಮಡಿಕೇರಿಗೆ ಹೋಗಿ ಸಂಪಾಜೆ ಘಾಟಿ ಇಳಿದರೆ ಪಳಗದ ಪ್ಯಾಡ್ ಕಾದು ಹೊಳಪು ಕಟ್ಟುತ್ತದೆ. ಇಳಿಯಲೇಬೇಕಾದರೆ ಎರಡನೇ, ಮೂರನೇ ಗೇರಿನಲ್ಲಿ ಇಳಿಯಿರಿ.

ಮಂಜೇಶ್ವರ ಕಡಲಬದಿ:
ಕಡಲ ಹತ್ತಿರ ಇರುವವರಿಗೆ ಒಂದು ಸೇರಿಸುತ್ತೇನೆ. ಮಳೆಗಾಲದಲ್ಲಿ ರಾತ್ರಿ ನಿಲ್ಲಿಸಿದ ಗಾಡಿಯ ಡಿಸ್ಕಿಗೆ ಬೆಳಗಾಗುವಾಗ ಕೆಂಪು ತುಕ್ಕಿನ ಪೊರೆ ಬರುತ್ತದೆ. ಮೊದಲ ನಾಲ್ಕೈದು ಬ್ರೇಕಿಗೆ ಕರಕರ ಎಂದು ಆಮೇಲೆ ಹೋಗುವ ಸದ್ದು ಅದರದ್ದೇ, ಅದಕ್ಕೆ ಎಂತದೂ ಮಾಡಬೇಕಿಲ್ಲ. ಗಾಡಿ ತೊಳೆದ ಮೇಲೆ ಸ್ವಲ್ಪ ಓಡಿಸಿ ಬ್ರೇಕ್ ಒತ್ತಿ ಒಣಗಿಸಿ ನಿಲ್ಲಿಸಿ. ಗಲ್ಫಿನಲ್ಲಿರುವವರ ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತರೆ ಪ್ಯಾಡ್ ಇದ್ದ ಜಾಗ ಬಿಟ್ಟು ಉಳಿದ ಕಡೆ ತುಕ್ಕು ಆಳಕ್ಕೆ ಹೋಗುತ್ತದೆ, ಓಡಿಸುವಾಗ ಒಂದೇ ತಾಳದಲ್ಲಿ ಪೆಡಲ್ ಬಡಿಯುತ್ತದೆ. ಅದನ್ನು ಎಮರಿ ಪೇಪರಿನಲ್ಲಿ ಸರಿ ಮಾಡಲಿಕ್ಕೆ ಆಗದು, ಲೇತ್ ಅಥವಾ ಹೊಸ ಡಿಸ್ಕ್. ಮನೆಯವರು ವಾರಕ್ಕೊಮ್ಮೆ ಏಳೆಂಟು ಕಿ.ಮೀ. ಓಡಿಸಿದರೆ ಅಲ್ಲಿಯ ತನಕ ಹೋಗುವುದಿಲ್ಲ. ಸ್ಲೈಡ್ ಪಿನ್ನನ್ನು ನಮ್ಮ ಕಡೆ ಪ್ರತಿ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ತೆಗೆದು ಒರೆಸಿ ಹೊಸ ಗ್ರೀಸು ಹಾಕುವುದು ಒಳ್ಳೆಯದು. ಬ್ರೇಕ್ ಆಯಿಲ್ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಬ್ಬಿಯ ಮುಚ್ಚಳದಲ್ಲಿ ಆಯಿಲಿನ ದರ್ಜೆ ಡಾಟ್ 3 ಎಂದಿದೆಯೋ ಡಾಟ್ 4 ಎಂದಿದೆಯೋ ನೋಡಿ ಅದನ್ನೇ ತನ್ನಿ.