ದೊಡ್ಡಪ್ಪನ ಮರೆವು, ಶುಗರ್ ಮಾತ್ರೆ ಮತ್ತು ಶಶಿ ಅಣ್ಣನ ಫಾರ್ವರ್ಡ್

ದೊಡ್ಡಮ್ಮ, ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ದೊಡ್ಡಪ್ಪನ ಶುಗರ್ ಮಾತ್ರೆ ನಿಲ್ಲಿಸಬೇಡಿ. ಇವತ್ತು ರಾತ್ರಿಯದನ್ನೂ ಕೊಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕೆಲಸ ಮಾಡುತ್ತಾ ಕೇಳಿಸಿಕೊಳ್ಳಿ.

ಬೆಳಿಗ್ಗೆ ಗ್ರೂಪ್ ನೋಡದವರಿಗೆ ವಿಷಯ ಇಷ್ಟು. ಶಶಿ ಅಣ್ಣ ಒಂದು ಫಾರ್ವರ್ಡ್ ಹಾಕಿದ್ದಾನೆ. ಶುಗರ್ ಇದ್ದವರಿಗೆಲ್ಲ ಮರೆವು ಬಂದೇ ಬರುತ್ತದೆ, ಅದು ಮೂರನೇ ಬಗೆಯ ಡಯಾಬಿಟಿಸ್, ಮಾತ್ರೆಯಿಂದಲೇ ಮೆದುಳು ಹಾಳಾಗುತ್ತದೆ, ಅನ್ನ ಬಿಟ್ಟು ಮುದ್ದೆ ತಿಂದು ದಿನಾ ಎರಡು ಚಮಚ ಕೊಬ್ಬರಿ ಎಣ್ಣೆ ಕುಡಿದರೆ ಎಲ್ಲ ಸರಿಹೋಗುತ್ತದೆ ಅಂತ. ಅದನ್ನು ಓದಿದ ದೊಡ್ಡಮ್ಮ, "ಇವರೂ ಈಚೆಗೆ ಹೇಳಿದ್ದನ್ನೇ ಹೇಳುತ್ತಾರೆ, ಮಾತ್ರೆ ಬಿಡಿಸಿಬಿಡಲಾ" ಅಂತ ಕೇಳಿದ್ದಾರೆ.

ಫಾರ್ವರ್ಡ್ ಪೂರ್ತಿ ಸುಳ್ಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅದರಲ್ಲಿ ಸ್ವಲ್ಪ ನಿಜ ಇದೆ. 2005ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸುಝಾನ್ ಡಿ ಲಾ ಮಾಂಟೆ ಅವರ ತಂಡ, ಆಲ್‌ಝೈಮರ್ಸ್ ಅನ್ನುವ ಮರೆವಿನ ಕಾಯಿಲೆಯಿಂದ ತೀರಿಕೊಂಡವರ ಮೆದುಳಿನಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಅಂತ ತೋರಿಸಿತು. ಈ ಮೂರನೇ ಬಗೆ ಅನ್ನುವ ಮಾತು ಅಲ್ಲಿಂದ ಬಂದದ್ದು. ಆದರೆ ಯಾವ ಡಾಕ್ಟರೂ ಚೀಟಿಯಲ್ಲಿ ಹಾಗೊಂದು ಕಾಯಿಲೆ ಬರೆಯುವುದಿಲ್ಲ. ಶುಗರ್ ಇರುವವರಲ್ಲಿ ಮರೆವಿನ ಕಾಯಿಲೆ ಹೆಚ್ಚು ಕಾಣುತ್ತದೆ ಅನ್ನುವುದು ಮಾತ್ರ ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಮೆದುಳಿನ ಸಣ್ಣ ರಕ್ತನಾಳಗಳು ಕೆಡುತ್ತವೆ. ನಮ್ಮ ತೋಟದ ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟುವುದಿಲ್ಲವಾ, ಹಾಗೆ. ಒಂದು ದಿನದಲ್ಲಿ ಆಗುವುದಲ್ಲ.

ಇಲ್ಲಿ ಮುಖ್ಯವಾದ ವಿಷಯ, ಶುಗರ್ ಯಾವ ವಯಸ್ಸಿಗೆ ಬಂತು ಅನ್ನುವುದು. ಲಂಡನ್ನಿನಲ್ಲಿ ಸರ್ಕಾರಿ ನೌಕರರನ್ನು 1985ರಿಂದ ಗಮನಿಸುತ್ತಾ ಬಂದ ಒಂದು ದೊಡ್ಡ ಅಧ್ಯಯನವಿದೆ, ವೈಟ್‌ಹಾಲ್ ಅಂತ. ಅದರಲ್ಲಿನ 10 ಸಾವಿರ ಜನರ ಲೆಕ್ಕ 2021ರಲ್ಲಿ ಹೊರಬಂತು. ಎಪ್ಪತ್ತು ವಯಸ್ಸಾದವರನ್ನು ತೆಗೆದುಕೊಂಡರೆ, ಅರವತ್ತಕ್ಕೂ ಮುಂಚೆ ಶುಗರ್ ಬಂದಿದ್ದವರಿಗೆ ಮರೆವಿನ ಕಾಯಿಲೆಯ ಅಪಾಯ ಶುಗರ್ ಇಲ್ಲದವರ ಎರಡು ಪಟ್ಟು. ಅರವತ್ತೈದು ದಾಟಿದ ಮೇಲೆ ಬಂದವರಿಗೆ ಹೆಚ್ಚು ಕಡಿಮೆ ವ್ಯತ್ಯಾಸವೇ ಕಾಣಲಿಲ್ಲ. ದೊಡ್ಡಪ್ಪನಿಗೆ ಶುಗರ್ ಬಂದದ್ದು ಅರವತ್ತೊಂಬತ್ತಕ್ಕೆ. ಹಾಗಾಗಿ ಅವರ ಮರೆವನ್ನೆಲ್ಲ ಶುಗರ್ ತಲೆಗೆ ಕಟ್ಟಬೇಡಿ. ಬೇರೆ ಕಾರಣ ಹುಡುಕೋಣ. ಅದರಲ್ಲಿ ಕೆಲವು ಸರಿಮಾಡಬಹುದಾದ ಕಾರಣಗಳು.

ಮೊದಲನೆಯದು ಬಿ12, ಹಾಲು, ಮೊಟ್ಟೆ, ಮಾಂಸದಲ್ಲಿ ಸಿಗುವ ವಿಟಮಿನ್. ದೊಡ್ಡಪ್ಪ ಮೊಟ್ಟೆ ಸಹ ಮುಟ್ಟುವವರಲ್ಲ. ಹಾಲು ಅಂದರೆ ಕಾಫಿಗೆ ಹಾಕಿದಷ್ಟೇ. ಶುಗರಿಗೆ ಅವರು ನುಂಗುತ್ತಿರುವುದು ಮೆಟ್‌ಫಾರ್ಮಿನ್. ಅದು ಒಳ್ಳೆಯ ಮಾತ್ರೆ, ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಇದರ ಜೊತೆಗೆ ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ ಬೇರೆ. ಅದೂ ಅದೇ ಕೆಲಸ ಮಾಡುತ್ತದೆ. ಬಿ12 ಕಡಿಮೆಯಾದರೆ ಮರೆವು, ಮಂಕು, ಅಂಗಾಲು ಜೋಮು ಹಿಡಿದಂತಾಗುವುದು, ನಡೆಯುವಾಗ ತೂರಾಡುವುದು ಎಲ್ಲ ಬರಬಹುದು. ಅಂಗಾಲು ಉರಿ ಅಂತ ಅವರು ದೀಪಾವಳಿಯಿಂದ ಹೇಳುತ್ತಿದ್ದಾರೆ ಅಲ್ವಾ? ನಾವೆಲ್ಲ ಅದನ್ನೂ ಶುಗರ್ ಅಂದುಕೊಂಡಿದ್ದೇವೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಕಡಿಮೆ ಇದ್ದರೆ ಮಾತ್ರೆ ಅಥವಾ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕಾಗಿ ಮೆಟ್‌ಫಾರ್ಮಿನ್ ನಿಲ್ಲಿಸಬೇಕಾಗಿಲ್ಲ.

ಎರಡನೆಯದು ನನಗೆ ನಿಜಕ್ಕೂ ಭಯ ಹುಟ್ಟಿಸುವಂಥದ್ದು. ಅವರ ಚೀಟಿಯಲ್ಲಿ ಗ್ಲಿಮೆಪಿರೈಡ್ ಅನ್ನುವ ಇನ್ನೊಂದು ಶುಗರ್ ಮಾತ್ರೆ ಕೂಡ ಇದೆ. ಅದು ಊಟ ಮಾಡಿದರೂ ಮಾಡದಿದ್ದರೂ ಸಕ್ಕರೆ ಇಳಿಸುತ್ತದೆ. ದೊಡ್ಡಪ್ಪ ಶನಿವಾರ ಒಪ್ಪತ್ತು. ಬೆಳಿಗ್ಗೆ ಮಾತ್ರೆ ನುಂಗಿ, ಪೂಜೆ ಮುಗಿಸಿ, ಮಧ್ಯಾಹ್ನದವರೆಗೆ ಬರೀ ಕಾಫಿ. ಹನ್ನೊಂದರ ಹೊತ್ತಿಗೆ ಸಿಡುಕುತ್ತಾರೆ, ಬೆವರುತ್ತಾರೆ, ಎದುರಿಗಿರುವವರ ಹೆಸರು ತಪ್ಪಿ ಕರೆಯುತ್ತಾರೆ ಅಂತ ನೀವೇ ಹೇಳಿದ್ದೀರಿ. ವಯಸ್ಸಾದವರಲ್ಲಿ ಶುಗರ್ ಇಳಿದರೆ ಕೈ ನಡುಗುವುದು ಕಾಣದೆಯೂ ಇರಬಹುದು, ಬರೀ ಗೊಂದಲ ಕಾಣಬಹುದು. ಹಾಗಾದಾಗ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಮಂಪರಿನಲ್ಲಿದ್ದು ನುಂಗಲು ಆಗದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಹೊರಡಿ. ಉಪವಾಸದ ದಿನ ಈ ಮಾತ್ರೆ ಹೇಗೆ ಅಂತ ಡಾಕ್ಟರನ್ನು ಕೇಳಲೇಬೇಕು. ಉಪವಾಸ ಮಾಡುವ ವಿಷಯ ನಾವಾಗಿ ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಇದು ಸಣ್ಣ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ 16,667 ಜನ ಶುಗರ್ ರೋಗಿಗಳನ್ನು ನೋಡಿದ ಅಧ್ಯಯನವೊಂದು 2009ರಲ್ಲಿ ಬಂತು. ಆಸ್ಪತ್ರೆಗೆ ಹೋಗುವಷ್ಟು ಶುಗರ್ ಇಳಿದವರಿಗೆ ಮುಂದೆ ಮರೆವಿನ ಕಾಯಿಲೆ ಹೆಚ್ಚು ಬಂದಿತ್ತು. ಮೂರು ಸಲ ಅಥವಾ ಅದಕ್ಕೂ ಜಾಸ್ತಿ ಹಾಗಾದವರಿಗೆ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟು. ಶುಗರನ್ನು ತೀರಾ ಬಿಗಿ ಹಿಡಿದರೆ ಮೆದುಳು ಉಳಿಯುತ್ತದೆಯೇ ಅಂತಲೂ ನೋಡಿದ್ದಾರೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಅನ್ನುವ ಪ್ರಯೋಗದಲ್ಲಿ ಮೂರು ತಿಂಗಳ ಸರಾಸರಿ ಶುಗರನ್ನು (ಎಚ್‌ಬಿಎ1ಸಿ, ಇದನ್ನು ಶೇಕಡಾದಲ್ಲಿ ಹೇಳುತ್ತಾರೆ) 6ಕ್ಕಿಂತ ಕೆಳಗೆ ತರಲು ಹೊರಟರು. ನೆನಪಿನ ಶಕ್ತಿಯ ಪರೀಕ್ಷೆಯಲ್ಲಿ ಏನೂ ಲಾಭ ಕಾಣಲಿಲ್ಲ. ಆ ಗುಂಪಿನಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನೇ ನಿಲ್ಲಿಸಿದರು. ಹಾಗಾಗಿ ದೊಡ್ಡಪ್ಪನ ರಿಪೋರ್ಟಿನಲ್ಲಿ 7.4 ಬಂದರೆ ಮನೆಯಲ್ಲಿ ಗಲಾಟೆ ಬೇಡ. ಈ ವಯಸ್ಸಿಗೆ ಅದು ಚೆನ್ನಾಗಿಯೇ ಇದೆ. ಅವರನ್ನು ಬೈದು ಬೈದು ಊಟ ಕಡಿಮೆ ಮಾಡಿಸುವುದು ನನಗಂತೂ ಇಷ್ಟವಿಲ್ಲ.

ಇನ್ನು ಕಿವಿ. ನಗಬೇಡಿ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ, ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಪ್ರಪಂಚದ ಮರೆವಿನ ಕಾಯಿಲೆಯಲ್ಲಿ ಶೇಕಡಾ 45ರಷ್ಟಕ್ಕೆ ಇವು ಕಾರಣವಾಗಿರಬಹುದು ಅನ್ನುವುದು ಅವರ ಅಂದಾಜು. ಅದರಲ್ಲಿ ಡಯಾಬಿಟಿಸ್ ಪಾಲು ಶೇಕಡಾ 2. ಬೊಜ್ಜಿನ ಪಾಲು 1. ಕಿವಿ ಮಂದವಾಗುವುದಕ್ಕೆ 7! ದೊಡ್ಡಪ್ಪನ ಹಿಯರಿಂಗ್ ಏಡ್ ಬೀರುವಿನಲ್ಲಿದೆ. ಅರ್ಧ ಮಾತು ಕೇಳಿಸದವರಿಗೆ ಪೂರ್ತಿ ಮಾತು ನೆನಪಿರಬೇಕು ಅಂದರೆ ಹೇಗೆ?

ಶಶಿ ಅಣ್ಣ, ಈಗ ನಿನ್ನ ಸರದಿ. ನೀನು ಕೆಳಗೆ ಬರೆದಿದ್ದೀಯಾ, "ನಾನು ಸಣ್ಣ ಇದ್ದೇನೆ, ನನಗೇನು ಚಿಂತೆ" ಅಂತ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ 2004ರಲ್ಲಿ ಒಂದು ಫೋಟೋ ಪ್ರಕಟಿಸಿದರು. ಅವರೂ ಲಂಡನ್ನಿನ ಡಾ. ಯಡ್ಕಿನ್ ಅವರೂ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಬಿಎಂಐ, ಇಬ್ಬರದೂ 22.3. ಮೈಯಲ್ಲಿರುವ ಕೊಬ್ಬು ಮಾತ್ರ ಯಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ 21.2. ನಮ್ಮವರ ಕೈಕಾಲು ಸಣ್ಣ, ಕೊಬ್ಬು ಹೊಟ್ಟೆಯಲ್ಲಿ. ಅದಕ್ಕೇ ನಮಗೆ ಸೊಂಟದ ಟೇಪು ತೂಕದ ಮಿಷನ್ನಿಗಿಂತ ಉಪಯೋಗ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ನಿನ್ನ ಪ್ಯಾಂಟಿನ ಸೈಜ್ ಗ್ರೂಪಿನಲ್ಲಿ ಹೇಳುವುದಿಲ್ಲ, ಬಿಡು.

ನಿನಗೆ ನಲವತ್ತೆಂಟು. ಬಾರ್ಡರ್ ಶುಗರ್ ಅಂತ ಎರಡು ವರ್ಷದಿಂದ ಹೇಳುತ್ತಿದ್ದೀಯಾ. ಅಮೆರಿಕದ ಸಿಯಾಟಲ್‌ನಲ್ಲಿ ಮಾಡಿದ ಅಧ್ಯಯನದಲ್ಲಿ, ಡಯಾಬಿಟಿಸ್ ಇಲ್ಲದವರಲ್ಲೂ ಸರಾಸರಿ ಸಕ್ಕರೆ 115 ಇದ್ದವರಿಗೆ 100 ಇದ್ದವರಿಗಿಂತ ಮರೆವಿನ ಕಾಯಿಲೆಯ ಅಪಾಯ ಶೇಕಡಾ 18ರಷ್ಟು ಹೆಚ್ಚು ಕಂಡಿತು. ಫಾರ್ವರ್ಡ್ ಓದಿ ಗಾಬರಿಯಾಗಬೇಕಾದದ್ದು ದೊಡ್ಡಪ್ಪ ಅಲ್ಲ, ನೀನು.

ಮುದ್ದೆ ವಿಷಯ ಹೇಳಿದರೆ ಮಂಡ್ಯದ ಕಡೆಯವರು ನನ್ನ ಮೇಲೆ ಬೀಳುತ್ತೀರಿ, ಆದರೂ ಹೇಳುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ಸಂಶೋಧನಾ ಸಂಸ್ಥೆ ಸೇರಿ ದೇಶದ ತುಂಬ ಸಮೀಕ್ಷೆ ಮಾಡಿದ್ದಾರೆ. 10.1 ಕೋಟಿ ಜನರಿಗೆ ಡಯಾಬಿಟಿಸ್ ಅಂತ 2023ರಲ್ಲಿ ಹೇಳಿದ್ದು ಅವರೇ. 2025ರಲ್ಲಿ ಊಟದ ಲೆಕ್ಕ ಕೊಟ್ಟರು. ನಮ್ಮ ಊಟದ ಶಕ್ತಿಯಲ್ಲಿ ಶೇಕಡಾ 62ರಷ್ಟು ಬರುವುದು ಅನ್ನ, ಗೋಧಿ, ಸಕ್ಕರೆಯಂಥ ಕಾರ್ಬೋಹೈಡ್ರೇಟಿನಿಂದ. ಅನ್ನದ ಜಾಗಕ್ಕೆ ಗೋಧಿ ಹಿಟ್ಟೋ ರಾಗಿಯಂಥ ಸಿರಿಧಾನ್ಯದ ಹಿಟ್ಟೋ ಬಂದರೆ ಸಾಲದು, ಒಟ್ಟು ಪ್ರಮಾಣ ಇಳಿಯಬೇಕು. ಸ್ವಲ್ಪ ಭಾಗವನ್ನು ಬೇಳೆಕಾಳು, ಹಾಲು ಮೊಸರಿನ ಪ್ರೋಟೀನಿಗೆ ಬದಲಾಯಿಸಿದರೆ ಡಯಾಬಿಟಿಸ್ ಬರುವ ಅಪಾಯ ಕಡಿಮೆ ಕಂಡಿತು. ರಾಗಿ ಒಳ್ಳೆಯದೇ. ಎರಡು ಮುದ್ದೆಯ ಬದಲು ಒಂದು ಚಿಕ್ಕ ಮುದ್ದೆ, ಜೊತೆಗೆ ಬಸ್ಸಾರಿನ ತಿಳಿ ಮಾತ್ರ ಅಲ್ಲ, ಪಲ್ಯದ ಕಾಳನ್ನೂ ಬಡಿಸಿಕೊಳ್ಳಿ.

ಕೊಬ್ಬರಿ ಎಣ್ಣೆ ಅಡುಗೆಗೆ ಇರಲಿ. ಕುಡಿಯುವುದು ಬೇಡ. ನೆನಪು ಮರಳುತ್ತದೆ ಅನ್ನಲು ನಂಬುವಂಥ ಆಧಾರವಿಲ್ಲ. ಕೆಟ್ಟ ಕೊಲೆಸ್ಟ್ರಾಲ್ ಮಾತ್ರ ಏರುತ್ತದೆ. ಆ 14ರ ಪಟ್ಟಿಯಲ್ಲಿ ಕೊಲೆಸ್ಟ್ರಾಲಿನ ಪಾಲೂ 7. ಬೆಂಗಳೂರಿನಿಂದ ಪ್ರಕಾಶ ಕೇಳಿದ್ದ, ತೂಕ ಇಳಿಸುವ ಹೊಸ ಔಷಧಿಯಿಂದ ಮರೆವು ನಿಲ್ಲುತ್ತದಂತೆ ಅಂತ. ಅಂಥ ಔಷಧಿಗಳಲ್ಲೊಂದಾದ ಸೆಮಗ್ಲುಟೈಡ್ ಅನ್ನು ಮಾತ್ರೆ ರೂಪದಲ್ಲಿ ಆಲ್‌ಝೈಮರ್ಸ್‌ನ ಆರಂಭದಲ್ಲಿದ್ದ 3,800ರಷ್ಟು ಜನರ ಮೇಲೆ ಪರೀಕ್ಷಿಸಿ ನೋಡಿದರು. 2025ರ ನವೆಂಬರಿನಲ್ಲಿ ಫಲಿತಾಂಶ ಬಂತು. ಕಾಯಿಲೆಯ ವೇಗ ತಗ್ಗಲಿಲ್ಲ.

ಸುಮಾ, ನಿನಗೊಂದು ಮಾತು. ಬಸುರಿಯಲ್ಲಿ ಶುಗರ್ ಬಂತು, ಮಗು ದಡ್ಡ ಆಗುತ್ತದೇನೋ ಅಂತ ನನಗೆ ಬೇರೆಯಾಗಿ ಮೆಸೇಜ್ ಮಾಡಿದ್ದೆಯಲ್ಲ. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲೇ, ಅದೇ ಹೋಲ್ಡ್ಸ್‌ವರ್ತ್, ಇದನ್ನು ನೋಡಿದ್ದಾರೆ. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದಾರೆ. ಆಮೇಲೆ 1997–98ರ ಬಸುರಿಯರನ್ನು ಗಮನಿಸಿ, ಅವರ ಮಕ್ಕಳನ್ನು ಒಂಬತ್ತು ಹತ್ತು ವಯಸ್ಸಿಗೆ ಪರೀಕ್ಷೆ ಮಾಡಿದರು. ಶುಗರ್ ಇದ್ದ ತಾಯಂದಿರ ಮಕ್ಕಳು ಕಲಿಕೆಯಲ್ಲಿ, ನೆನಪಿನಲ್ಲಿ ಹಿಂದೆ ಬೀಳಲಿಲ್ಲ. ಸ್ವಲ್ಪ ಮುಂದೆಯೇ ಇದ್ದರು. ಅಂಥ ಮಕ್ಕಳು ಬರೀ 32 ಇದ್ದದ್ದು, ಹಾಗಾಗಿ ಸಕ್ಕರೆ ಒಳ್ಳೆಯದು ಅಂದುಕೊಳ್ಳಬೇಡ. ಅದೇ ಮಕ್ಕಳಲ್ಲಿ ಕೊಬ್ಬು ಜಾಸ್ತಿ, ಇನ್ಸುಲಿನ್ ಕೆಲಸ ಮಂದ ಅನ್ನುವುದೂ ಕಂಡಿತು. ಡಾಕ್ಟರ್ ಹೇಳಿದ ಊಟ, ನಡಿಗೆ ಬಿಡಬೇಡ. ಮಗುವಿನ ಬುದ್ಧಿಯ ಚಿಂತೆ ಬಿಡು.

ದೊಡ್ಡಮ್ಮ, ಸೋಮವಾರ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ, ಗ್ಯಾಸ್ ಮಾತ್ರೆಯನ್ನೂ. ಬಿ12, ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್, ಮೂರು ತಿಂಗಳ ಶುಗರ್ ನೋಡಿಸಬಹುದಾ ಅಂತ ಕೇಳಿ. ಶನಿವಾರದ ಹನ್ನೊಂದು ಗಂಟೆಯ ಕಥೆ ಮರೆಯದೆ ಹೇಳಿ. ಹಿಯರಿಂಗ್ ಏಡ್‌ಗೆ ಹೊಸ ಸೆಲ್ ಹಾಕಿಸಿ. ಶಶಿ ಅಣ್ಣ ಕಾರಿನಲ್ಲಿ ಕರೆದುಕೊಂಡು ಹೋಗಲಿ. ಲ್ಯಾಬಿಗೆ ಹೇಗೂ ಹೋಗುತ್ತೀಯಲ್ಲ ಅಣ್ಣ, ನಿನ್ನ ರಕ್ತವನ್ನೂ ಕೊಟ್ಟು ಬಾ, ರಿಪೋರ್ಟ್ ನನಗೆ ಮಾತ್ರ ಕಳಿಸು.