ಅಪ್‌ಡೇಟ್: ಸ್ಪ್ರೇ ಗನ್‌ನಲ್ಲಿ ಬರುತ್ತಿದ್ದ ನೀರು ನಿಂತಿತು

ಕಂಪ್ರೆಸರ್ ಗಾಳಿಯ ಜೊತೆ ನೀರೂ ಬಂದು ಪೇಂಟ್ ಹಾಳಾಗುತ್ತಿದೆ, ಫಿಲ್ಟರ್ ಇದ್ದರೂ ಯಾಕೆ ಹೀಗೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ‘ಮೊದಲು ಗಾಳಿ ತಣ್ಣಗಾಗಲಿ, ಆಮೇಲೆ ನೀರು ಹಿಡಿಯಿರಿ’ ಎಂದ ಸಲಹೆಯೇ ಕೆಲಸಕ್ಕೆ ಬಂತು.

ಈಗ ಕಂಪ್ರೆಸರ್‌ನ ಪಂಪ್‌ಗೂ ಟ್ಯಾಂಕ್‌ಗೂ ನಡುವೆ ಬಿಸಿ ಗಾಳಿಯನ್ನು ಫ್ಯಾನ್‌ನಿಂದ ತಣಿಸುವ ಆಫ್ಟರ್‌ಕೂಲರ್, ಅದರ ಬೆನ್ನಿಗೇ ಹನಿಗಳನ್ನು ಬೇರ್ಪಡಿಸುವ ವಾಟರ್ ಸೆಪರೇಟರ್, ಕೆಳಗೆ ಆ ನೀರನ್ನು ತಾನೇ ಹೊರಬಿಡುವ ಆಟೋ ಡ್ರೇನ್. ಮೊದಲು ಫಿಲ್ಟರ್ ದಾಟುವಾಗ ನೀರು ಇನ್ನೂ ಆವಿಯಾಗಿಯೇ ಇರುತ್ತಿತ್ತು, ಆವಿಯನ್ನು ಆ ಫಿಲ್ಟರ್ ಹಿಡಿಯುವುದಿಲ್ಲ. ಮುಂದೆ ಹೋಸ್‌ನಲ್ಲಿ ತಣಿದು ಹನಿಯಾಗುತ್ತಿತ್ತು. ಲೆಕ್ಕ ನೋಡಿ: ಒಂದು ಘನ ಮೀಟರ್ ಜಾಗದಲ್ಲಿ 40 ಡಿಗ್ರಿಯಲ್ಲಿ ಸುಮಾರು 51 ಗ್ರಾಂ ಆವಿ ಹಿಡಿಸುತ್ತದೆ, 3 ಡಿಗ್ರಿಯಲ್ಲಿ ಬರೀ 6 ಗ್ರಾಂ. ಗೇಜ್‌ನಲ್ಲಿ 7 ಬಾರ್ ಅಂದರೆ ಎಂಟು ಘನ ಮೀಟರ್ ಗಾಳಿಯ ಆವಿಯನ್ನೆಲ್ಲ ಒಂದರೊಳಗೆ ತುರುಕಿದ ಹಾಗೆ. ನೀರಾಗದೆ ಇನ್ನೇನಾದೀತು!

ಆದರೆ ಆಫ್ಟರ್‌ಕೂಲರ್ ದಾಟಿದ ಗಾಳಿ ಒಣಗಿದ್ದೇನಲ್ಲ, ಅದರ ತೇವಾಂಶ ಇನ್ನೂ ನೂರಕ್ಕೆ ನೂರು, ಅಂದರೆ ಆ ಉಷ್ಣತೆಯಲ್ಲಿ ಹಿಡಿಸುವಷ್ಟೂ ಆವಿ ಅದರಲ್ಲಿದೆ. ಹಾಗಾಗಿ ಟ್ಯಾಂಕ್ ಆದಮೇಲೆ ರೆಫ್ರಿಜರೇಟೆಡ್ ಡ್ರೈಯರ್ (ಫ್ರಿಜ್‌ನ ಹಾಗೆ ಗಾಳಿಯನ್ನು ಇನ್ನಷ್ಟು ತಣಿಸಿ ನೀರು ತೆಗೆಯುವ ಯಂತ್ರ) ಕೂಡ ಹಾಕಿಸಿದೆ. ಅದರೊಳಗಿನ ಏರ್-ಟು-ಏರ್ ಹೀಟ್ ಎಕ್ಸ್‌ಚೇಂಜರ್ ನನಗೆ ಬಹಳ ಹಿಡಿಸಿತು. ಒಳಬರುವ ಬಿಸಿ ಗಾಳಿ ತನ್ನ ಶಾಖವನ್ನು ಹೊರಹೋಗುವ ತಣ್ಣನೆ ಗಾಳಿಗೆ ಕೊಡುತ್ತದೆ. ಕೂಲಿಂಗ್ ಹೊರೆಯೂ ಕಡಿಮೆ, ಹೊರಗಿನ ಪೈಪ್ ಬೆವರುವುದೂ ಇಲ್ಲ.

ಉಳಿದಿರುವ ಕಿರಿಕಿರಿ ಒಂದೇ: ಪೇಂಟ್ ಧೂಳು ಆಫ್ಟರ್‌ಕೂಲರ್‌ನ ಫಿನ್‌ಗಳಿಗೆ (ಶಾಖ ಹೊರಬಿಡುವ ತೆಳು ಲೋಹದ ಪಟ್ಟಿಗಳಿಗೆ) ಮೆತ್ತಿಕೊಳ್ಳುತ್ತದೆ. ಕೂಲರ್ ಅನ್ನು ಪೇಂಟ್ ಮಾಡುವ ಬೂತ್‌ನಿಂದ ದೂರಕ್ಕೆ ಸರಿಸಬೇಕು.