ಅಪ್‌ಡೇಟ್: ಮೀನಿನ ಟ್ಯಾಂಕಿನ ಬಿಳಿ ಕಲೆ ಹೋಯಿತು

ಕಾರವಾರದ ನಮ್ಮನೆ ಮೀನಿನ ಟ್ಯಾಂಕಿಗೆ ಬೋರ್‌ವೆಲ್ ನೀರಿನ ಬಿಳಿ ಕಲೆ ಹಿಡಿದಿದೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆನಲ್ಲ, ಈಗ ಗಾಜು ಫಳಫಳ! ವಿನೆಗರ್ ಅಂದವರಿಗೆ ತುಂಬಾ ಥ್ಯಾಂಕ್ಸ್. ಮೀನುಗಳನ್ನು ಅದೇ ನೀರಿನ ಸಮೇತ ಬಕೆಟ್‌ಗೆ ಬಿಟ್ಟು, ಟ್ಯಾಂಕ್ ಖಾಲಿ ಮಾಡಿ, ವಿನೆಗರ್‌ನಲ್ಲಿ ನೆನೆಸಿದ ಹಳೇ ಪಂಚೆ ತುಂಡನ್ನು ಕಲೆಯ ಮೇಲೆ ಅರ್ಧ ಗಂಟೆ ಅಂಟಿಸಿಟ್ಟೆ. ಸಣ್ಣ ಗುಳ್ಳೆ ಎದ್ದವು, ಸುಣ್ಣ ಕರಗುವ ಗುರುತು ಅದು. ಮೂಲೆಯ ದಪ್ಪ ಪದರವನ್ನು ಬ್ಲೇಡ್ ಓರೆ ಹಿಡಿದು ಕೆರೆದೆ. ಅಕ್ರಿಲಿಕ್ ಟ್ಯಾಂಕಿಗೆ ಬ್ಲೇಡ್ ಬೇಡ, ಗೀರು ಬೀಳುತ್ತದೆ. ಆಮೇಲೆ ನಾಲ್ಕು ಸಲ ತೊಳೆದೆ. ಅಡುಗೆ ಸೋಡಾ ಉಜ್ಜಿದ್ದರಿಂದ ಏನೂ ಆಗಲಿಲ್ಲ.

ಹೊಸದಾಗಿ ಗೊತ್ತಾಗಿದ್ದು: ನೀರು ಆವಿಯಾಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಟ್ಯಾಂಕಿಗೆ ಮತ್ತೆ ಬೋರ್ ನೀರೇ ಸುರಿದರೆ ನೀರಿನ ಗಡಸು, ಅಂದರೆ ಕರಗಿದ ಸುಣ್ಣದ ಅಂಶ, ಜಾಸ್ತಿ ಆಗುತ್ತಲೇ ಹೋಗುತ್ತದೆ, ಅಲ್ವಾ? ಈಗ ಮುಚ್ಚಳ ಹಾಕಿದ್ದೇನೆ, ಆವಿಯಾದಷ್ಟಕ್ಕೆ ಮಾತ್ರ ಆರ್‌ಓ ನೀರು (ಸುಣ್ಣದ ಅಂಶ ಸೋಸಿ ತೆಗೆದ ನೀರು) ಸೇರಿಸುತ್ತೇನೆ.